ದೂರವಿಟ್ಟವರ ಬಾಗಿಲಿಗೆ



ಹಸಿದವನಿಗೆ ಅನ್ನ ಕೊಡಬಹುದು, ರೋಗಿಗೆ ಮದ್ದು ಕೊಡಬಹುದು. ಒಂಟಿಯಾದವನಿಗೆ ಏನು ಕೊಡಬೇಕು ಎಂಬ ಪ್ರಶ್ನೆಗೆ ಅಷ್ಟು ಸುಲಭವಾದ ಉತ್ತರವಿಲ್ಲ. ಕಷ್ಟಕ್ಕೆ ಸಿಕ್ಕಿದವನನ್ನು ಕಷ್ಟಕ್ಕಿಂತ ಮಿಗಿಲಾಗಿ ಬಾಧಿಸುವುದು, ತನ್ನ ಸ್ಥಿತಿ ಯಾರಿಗೂ ತಿಳಿಯದು, ತಿಳಿದರೂ ಯಾರೂ ಬಾರರು ಎಂಬ ಅರಿವು. ಈ ಮಾತನ್ನು ಇಂದು ಎರಡು ಕಡೆಯಿಂದ ನೋಡಬೇಕೆಂದಿದ್ದೇನೆ. ಒಂದು, ಸಾವಿರಾರು ವರ್ಷ ನೆಲೆ ತಪ್ಪಿ ಅಲೆದ ಯೆಹೂದ್ಯ ಜನಾಂಗ. ಇನ್ನೊಂದು, ನಾನು ಹುಟ್ಟಿ ಬೆಳೆದ ಕೊಳ್ಳೇಗಾಲದ ಸೀಮೆ, ಅಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ತಾಲ್ಲೂಕುಗಳು. ಕೇಳಿದೊಡನೆ ಇವೆರಡಕ್ಕೆ ಯಾವ ನಂಟೂ ಕಾಣದಿರಬಹುದು. ನಂಟು ಉಂಟೆಂದು ತೋರಿಸುವುದೇ ಈ ಭಾಷಣದ ಉದ್ದೇಶ.

ಯೆಹೂದ್ಯರ ಹೀಬ್ರೂ ಭಾಷೆಯಲ್ಲಿ ಬಡವನಿಗೆ ಕೊಡುವುದಕ್ಕೆ ‘ಟ್ಸೆದಾಕಾ’ ಎಂಬ ಮಾತಿದೆ. ಅದರ ಧಾತುವಿಗೆ ನ್ಯಾಯವೆಂಬ ಅರ್ಥ. ಕೊಡುವವನ ಔದಾರ್ಯವನ್ನು ಆ ಪದ ಹೊಗಳುವುದಿಲ್ಲ. ಸಲ್ಲಬೇಕಾದುದು ಸಂದಿತು ಎಂದಷ್ಟೇ ಹೇಳುತ್ತದೆ. ನಮ್ಮ ಬೀದಿಗಳಲ್ಲಿ ಭಿಕ್ಷುಕ ‘ದಾನ ಮಾಡಿ’ ಎಂದು ಕೂಗುವುದು ಕಡಿಮೆ, ‘ಧರ್ಮ ಮಾಡಿ ತಾಯಿ’ ಎಂದು ಕೂಗುವುದೇ ಹೆಚ್ಚು. ತಿಳಿದೋ ತಿಳಿಯದೆಯೋ ಅವನೂ ನ್ಯಾಯವನ್ನೇ ಕೇಳುತ್ತಿದ್ದಾನೆ.

ಮಾತು ಚೆನ್ನಾಗಿದ್ದರೆ ಸಾಲದು, ಏರ್ಪಾಟು ಬೇಕು. ಯೆಹೂದ್ಯರ ಪ್ರಾಚೀನ ಶಾಸ್ತ್ರಗ್ರಂಥವಾದ ತಾಲ್ಮುದಿನಲ್ಲಿ ಈ ಏರ್ಪಾಟು ಬಹಳ ವಿವರವಾಗಿದೆ. ಊರಿಗೆ ಎರಡು ನಿಧಿಗಳು. ಒಂದು ಹಣದ ಪೆಟ್ಟಿಗೆ. ಅದರಿಂದ ಊರಿನ ಬಡವರಿಗೆ ವಾರಕ್ಕೊಮ್ಮೆ ಹಂಚಿಕೆ. ಇನ್ನೊಂದು ಅನ್ನದ ತಟ್ಟೆ; ಅದು ದಿನವೂ ಸಿದ್ಧವಿದ್ದು, ದಾರಿಯಲ್ಲಿ ಹಾದುಹೋಗುವ ಯಾವ ಹಸಿದವನಿಗಾದರೂ ಸಲ್ಲತಕ್ಕದ್ದು. ಪೆಟ್ಟಿಗೆಗೆ ಹಣ ಎತ್ತುವವರು ಇಬ್ಬರಿರಬೇಕು, ಹಂಚುವವರು ಮೂವರಿರಬೇಕು. ಎತ್ತುವಾಗ ಒಬ್ಬನೇ ಇದ್ದರೆ ಸಂಶಯಕ್ಕೆ ಎಡೆ. ಹಂಚುವಾಗ ಯಾರಿಗೆ ಎಷ್ಟು ಎಂದು ತೀರ್ಮಾನಿಸಬೇಕಾದುದರಿಂದ ಅದು ನ್ಯಾಯಸ್ಥಾನದ ಕೆಲಸ. ನ್ಯಾಯಸ್ಥಾನಕ್ಕೆ ಮೂವರು ಬೇಕು. ಅನ್ಯ ಜನಾಂಗದ ಬಡವರನ್ನೂ ತಮ್ಮ ಬಡವರ ಜೊತೆಗೇ ಪೋಷಿಸಬೇಕು, ಲೋಕದಲ್ಲಿ ಶಾಂತಿ ನೆಲಸುವ ದಾರಿ ಅದು ಎಂಬ ವಿಧಿಯೂ ಅಲ್ಲಿಯೇ ಇದೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದ್ದು. ಜೆರೂಸಲೇಮಿನ ದೇವಾಲಯದಲ್ಲಿ ಒಂದು ಗುಟ್ಟಿನ ಕೋಣೆಯಿತ್ತಂತೆ. ಉಳ್ಳವರು ಒಳಗೆ ಹೋಗಿ ಮರೆಯಲ್ಲಿ ಇಟ್ಟು ಬರುತ್ತಿದ್ದರು. ಹಿಂದೆ ಚೆನ್ನಾಗಿ ಬಾಳಿ ಈಗ ಕೈ ಬರಿದಾದ ಮನೆತನದವರು ಒಳಗೆ ಹೋಗಿ ಮರೆಯಲ್ಲಿ ತೆಗೆದುಕೊಂಡು ಬರುತ್ತಿದ್ದರು. ಕೋಣೆಯಿಂದ ಹೊರಬಂದವನು ಇಟ್ಟು ಬಂದನೋ ತೆಗೆದುಕೊಂಡು ಬಂದನೋ ನೋಡಿದವರಿಗೆ ತಿಳಿಯುವಂತಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ, ಅಂದರೆ ನಮ್ಮ ಬಸವಣ್ಣನವರ ಕಾಲಕ್ಕೆ ಹತ್ತಿರದಲ್ಲಿಯೇ, ಈಜಿಪ್ಟಿನಲ್ಲಿ ಬಾಳಿದ ಮೈಮೋನಿಡೀಸ್ ಎಂಬ ವೈದ್ಯನೂ ತತ್ತ್ವಜ್ಞನೂ ಆದವನು ಕೊಡುವಿಕೆಗೆ ಎಂಟು ಮೆಟ್ಟಿಲುಗಳನ್ನು ಹೇಳಿದ್ದಾನೆ. ಮುಖ ಸಿಂಡರಿಸಿಕೊಂಡು ಕೊಡುವುದು ಕೆಳಗಿನದು. ಕೊಟ್ಟವನಿಗೆ ಪಡೆದವನಾರೆಂದು, ಪಡೆದವನಿಗೆ ಕೊಟ್ಟವನಾರೆಂದು ತಿಳಿಯದಂತೆ ಕೊಡುವುದು ಮೇಲಿನಿಂದ ಎರಡನೆಯದು. ಬಿದ್ದವನಿಗೆ ಕೆಲಸವನ್ನೋ ಸಾಲವನ್ನೋ ಪಾಲುಗಾರಿಕೆಯನ್ನೋ ಒದಗಿಸಿ ಅವನು ಮತ್ತೆ ಕೈ ಚಾಚದಂತೆ ಮಾಡುವುದು ಎಲ್ಲಕ್ಕಿಂತ ಮೇಲಿನದು.

ಆದರೆ ಒಂಟಿತನವನ್ನು ಕಳೆಯಲು ಹಣ ಸಾಲದೆಂಬುದು ಆ ಜನಕ್ಕೆ ತಿಳಿದಿತ್ತು. ರೋಗಿಯನ್ನು ಹೋಗಿ ನೋಡುವುದು ಅವರಲ್ಲಿ ಮರ್ಯಾದೆಯ ವಿಷಯವಲ್ಲ, ಕಟ್ಟಳೆ. ನೋಡಲು ಹೋದವನು ರೋಗದ ಅರವತ್ತರಲ್ಲಿ ಒಂದು ಪಾಲನ್ನು ಹೊತ್ತುಕೊಂಡು ಬರುತ್ತಾನೆಂದು ತಾಲ್ಮುದಿನ ನಂಬಿಕೆ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಮಂದಿ ಸೇರಲೇಬೇಕು. ಆದ್ದರಿಂದ ದುಃಖದಲ್ಲಿದ್ದವನು ಒಬ್ಬನೇ ಕುಳಿತಿರಲು ಶಾಸ್ತ್ರವೇ ಬಿಡುವುದಿಲ್ಲ. ಮಣ್ಣು ಮಾಡಿ ಬಂದವರು ಮೊದಲ ಊಟವನ್ನು ತಮ್ಮ ಮನೆಯ ಅನ್ನದಿಂದ ಮಾಡಬಾರದು, ನೆರೆಯವರೇ ತಂದು ಬಡಿಸಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚದ, ನೆಂಟರು ಬುತ್ತಿ ತರುವ ನಮ್ಮ ಹಳ್ಳಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿ ಯೆಹೂದ್ಯರು ಎಂದೂ ಹೆಚ್ಚಾಗಿ ಇದ್ದವರಲ್ಲ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ದೊಡ್ಡ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಅವರ ಹೆಸರನ್ನು ಹಳಬರು ಬಲ್ಲರು. ಮೈಸೂರು ರಸ್ತೆಯಲ್ಲಿರುವ ಯೆಹೂದ್ಯರ ಪುಟ್ಟ ಸ್ಮಶಾನ 1904ರದು. ಅದರ ನೆಲ ಮೈಸೂರು ಮಹಾರಾಜರ ಕೊಡುಗೆ. ಬೆರಳೆಣಿಕೆಯ ಜನ ಒಂದು ಪರದೇಶಕ್ಕೆ ಬಂದು ಮೊದಲು ಕೇಳಿದ್ದು ಸತ್ತವರಿಗೆ ಮರ್ಯಾದೆಯ ಜಾಗ ಎಂಬುದನ್ನು ಗಮನಿಸಬೇಕು. ಅವರ ಎಣಿಕೆಯಲ್ಲಿ ಸತ್ತವನಿಗೆ ಮಾಡುವ ಸೇವೆಯೇ ನಿಜವಾದ ಸೇವೆ, ಏಕೆಂದರೆ ಅವನು ಅದನ್ನು ಹಿಂದಿರುಗಿಸಲಾರ. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಬಂದಾಗ ಮುಂಬಯಿಯ ಯೆಹೂದ್ಯರು 1934ರಲ್ಲಿ ಒಂದು ಪರಿಹಾರ ಸಂಘವನ್ನು ಕಟ್ಟಿ, ಓಡಿಬಂದವರು ಸರ್ಕಾರಕ್ಕೆ ಹೊರೆಯಾಗುವುದಿಲ್ಲವೆಂದು ತಾವೇ ಜಾಮೀನು ನಿಂತರು. ಹಾಗೆ ದೇಶ ಬಿಟ್ಟ ತಲೆಮಾರಿನವರಲ್ಲಿ ಓಟೋ ಕ್ಯೋನಿಗ್ಸ್‌ಬರ್ಗರ್ ಒಬ್ಬರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿ ಸುಮಾರು ಹತ್ತು ವರ್ಷ ದುಡಿದ ಅವರು ಬೆಂಗಳೂರಿನಲ್ಲಿ ಕಟ್ಟಿಸಿದ ಕಟ್ಟಡಗಳಲ್ಲಿ ಕೆಲವು ಇನ್ನೂ ನಿಂತಿವೆ.

ಈಗ ನಮ್ಮ ಸೀಮೆಗೆ ಬರೋಣ. 1990ರ ಅಕ್ಟೋಬರಿನಲ್ಲಿ ಧರ್ಮಶಾಲೆಯಲ್ಲಿ ಒಂದು ಅಪೂರ್ವ ಭೇಟಿ ನಡೆಯಿತು. ದಲೈ ಲಾಮಾ ಅವರು ಯೆಹೂದ್ಯ ವಿದ್ವಾಂಸರ ತಂಡವೊಂದನ್ನು ಕರೆಸಿ, ನೆಲ ಕಳೆದುಕೊಂಡ ಮೇಲೂ ನೀವು ಇಷ್ಟು ಕಾಲ ಒಂದು ಜನವಾಗಿ ಉಳಿದ ಗುಟ್ಟೇನು ಎಂದು ವಿಚಾರಿಸಿದರು. ಮನೆ, ವಾರದ ಪವಿತ್ರ ದಿನದ ಊಟ, ಮಕ್ಕಳ ಪಾಠ, ಕಳೆದುದರ ನೆನಪು ಎಂಬಂಥ ಉತ್ತರಗಳು ಅಲ್ಲಿ ಬಂದವು. ಆ ಪ್ರಶ್ನೆಯನ್ನು ಕೇಳಬೇಕಾದ ಅಗತ್ಯವಿದ್ದ ಜನ ಹದಿನಾರು ವರ್ಷಗಳಿಂದ ಹನೂರಿನ ಬೆಟ್ಟಗಳ ನಡುವೆ ಜೋಳ ಬಿತ್ತುತ್ತಿದ್ದರು.

ಹೌದು, ಒಡೆಯರಪಾಳ್ಯದ ಟಿಬೆಟನ್ನರು. 1959ರಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ನೆಲ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು. 1974ರಲ್ಲಿ ಆಗಿನ ಕೊಳ್ಳೇಗಾಲ ತಾಲ್ಲೂಕಿನ ಒಡೆಯರಪಾಳ್ಯದ ಸುತ್ತ ಧೋಂಡೆನ್‌ಲಿಂಗ್ ಎಂಬ ನೆಲೆ ಹುಟ್ಟಿತು. ಲೊಕ್ಕನಹಳ್ಳಿ ದಾಟಿ ಘಟ್ಟದ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಇದ್ದಕ್ಕಿದ್ದಂತೆ ಬಣ್ಣದ ಪತಾಕೆಗಳು ಕಾಣತೊಡಗುತ್ತವೆ. ಜಗಲಿಯ ಮೇಲೆ ಮುದುಕಿಯರು ಮಂತ್ರದ ಚಕ್ರ ತಿರುಗಿಸುತ್ತ ಕುಳಿತಿರುತ್ತಾರೆ. ನೆಲ ಸರ್ಕಾರದ ಗುತ್ತಿಗೆಯದು. ಮಳೆ ನಂಬಿದ ಮುಸುಕಿನ ಜೋಳ. ಅದಕ್ಕೆ ಆನೆ, ಹಂದಿಗಳ ಕಾಟ. ಬೆಳೆ ಕೈಗೆ ಬಂದ ಮೇಲೆ ದುಡಿಯುವ ವಯಸ್ಸಿನವರು ಸ್ವೆಟರಿನ ಗಂಟು ಹೊತ್ತು ದೂರದ ಪಟ್ಟಣಗಳಿಗೆ ಹೋಗಿ ಚಳಿಗಾಲವನ್ನೆಲ್ಲ ಬೀದಿಬದಿಯಲ್ಲಿ ಕಳೆಯುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು.

ಇಂಥ ಕಡೆ ಒಂಟಿಯಾದವನನ್ನು ನೋಡಿಕೊಳ್ಳುವವರು ಯಾರು? ಆ ಜನ ಇದಕ್ಕೂ ಒಂದು ಏರ್ಪಾಟು ಮಾಡಿಕೊಂಡರು. 1972ರಿಂದ ಪ್ರತಿಯೊಬ್ಬ ಟಿಬೆಟನ್ನನೂ ‘ಹಸಿರು ಪುಸ್ತಕ’ವೊಂದನ್ನು ಇಟ್ಟುಕೊಂಡು ವರ್ಷಕ್ಕೊಮ್ಮೆ ಸ್ವಂತ ಇಚ್ಛೆಯಿಂದ ಸಮುದಾಯದ ನಿಧಿಗೆ ಕಾಣಿಕೆ ಸಲ್ಲಿಸುತ್ತಾನೆ. ಯೆಹೂದ್ಯರ ಹಣದ ಪೆಟ್ಟಿಗೆಗೂ ಈ ಪುಸ್ತಕಕ್ಕೂ ಇರುವ ಹೋಲಿಕೆ ಕಣ್ಣಿಗೆ ಕಾಣುವಂಥದು. ನೆಲೆಗೊಬ್ಬ ಅಧಿಕಾರಿ, ಒಂದು ಸಹಕಾರ ಸಂಘ, ಶಾಲೆ, ಆಸ್ಪತ್ರೆ. ಮಕ್ಕಳೂ ಬಂಧುಗಳೂ ಇಲ್ಲದ ವೃದ್ಧರಿಗೆ ಒಂದು ಆಶ್ರಮ. ಹಿಮಾಲಯವನ್ನು ಕಾಲ್ನಡಿಗೆಯಲ್ಲಿ ದಾಟುವಾಗ ಕುಟುಂಬವನ್ನು ಕಳೆದುಕೊಂಡವರು ಆ ತಲೆಮಾರಿನಲ್ಲಿ ಅನೇಕರು. ಅವರಿಗೆ ಇಡೀ ನೆಲೆಯೇ ಕುಟುಂಬವಾಗಬೇಕಾಯಿತು.

ಈ ಕತೆಗೆ ಇನ್ನೊಂದು ಮಗ್ಗುಲಿದೆ. ಟಿಬೆಟನ್ನರಿಗೆ ಊರು ಕಟ್ಟಿಕೊಡಲೆಂದು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ನಿರಾಶ್ರಿತರ ಕೆಲಸ ಒಂದು ಹಂತಕ್ಕೆ ಬಂದಾಗ ಅದು ಗಂಟು ಕಟ್ಟಿಕೊಂಡು ಹೊರಡಲಿಲ್ಲ. ಬೇಲಿಯ ಆಚೆಗಿದ್ದ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. ಹನೂರು ಕಡೆಯ ಹುತ್ತೂರಿನ ಸುತ್ತ ಅದರ ಕೆಲಸ ನಡೆಯಿತು. ದೊಡ್ಡ ಸಹಕಾರ ಸಂಘಗಳಲ್ಲಿ ಬಡವನ ಮಾತು ಕೇಳಿಸದೆ ಹೋದಾಗ, 1984-85ರ ಹೊತ್ತಿಗೆ ಹದಿನೈದು ಇಪ್ಪತ್ತು ಜನ ತಾವೇ ಒಟ್ಟುಗೂಡಿ, ವಾರಕ್ಕೊಮ್ಮೆ ಕುಳಿತು, ಪುಡಿಗಾಸು ಕೂಡಿಸಿ, ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಳ್ಳುವ ಚಿಕ್ಕ ಸಂಘಗಳು ಎದ್ದವು. ಇಂದು ನಾವು ‘ಸ್ವಸಹಾಯ ಸಂಘ’ವೆಂದು ಕರೆಯುವುದರ ಮೊದಲ ಬೇರುಗಳಲ್ಲಿ ಇದು ಒಂದು. 1992ರಲ್ಲಿ ನಬಾರ್ಡ್ ಬ್ಯಾಂಕು ಈ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ತಂದಾಗ ಆ ಅನುಭವ ದೇಶಕ್ಕೆಲ್ಲ ಹರಡಿತು. ಸಂಘದ ಹೆಂಗಸರನ್ನು ಕೇಳಿದರೆ ಸಾಲದ ಮಾತು ಎರಡನೆಯದಾಗಿ ಬರುತ್ತದೆ. ‘ವಾರಕ್ಕೊಂದು ದಿನ ಮನೆ ಬಿಟ್ಟು ಕೂತ್ಕೊಳ್ಳೋಕೆ ಒಂದು ಜಾಗ ಆಯ್ತು’ ಎಂಬುದು ಮೊದಲನೆಯದು. ಪರದೇಶಿಗಳಿಗೆಂದು ಬಂದ ನೆರವು ನೆರೆಯವರಿಗೂ ದಕ್ಕಿತು. ಮೈಮೋನಿಡೀಸನ ಎಂಟನೆಯ ಮೆಟ್ಟಿಲು ಎಂದರೆ ಇದೇ.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ಊರು ಕಳೆದುಕೊಂಡ ಜನ ಒಬ್ಬರನ್ನೊಬ್ಬರು ಹಿಡಿದುಕೊಳ್ಳುವುದು ಸಹಜ. ಊರಿನ ನಡುವೆಯೇ ಇದ್ದು ಊರಿನಿಂದ ಹೊರಗಾದವರ ಗತಿ ಏನು? ಈ ಕಷ್ಟದ ಪ್ರಶ್ನೆಯನ್ನು ಕೇಳಲು ಯಳಂದೂರಿಗೆ ಹೋಗಬೇಕು.

ಯಳಂದೂರು ಚಿಕ್ಕ ತಾಲ್ಲೂಕು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಸೀಮೆ. ಒಂದು ಕಡೆ ಸುವರ್ಣಾವತಿ ಹೊಳೆಯ ಗದ್ದೆಗಳು, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಬೆಟ್ಟದ ಸೋಲಿಗರ ನಡುವೆ ವೈದ್ಯ ಎಚ್. ಸುದರ್ಶನ್ ಅವರು ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಹೆಸರನ್ನು ನೀವು ಕೇಳಿರುತ್ತೀರಿ. ಅದು ಆರಂಭವಾದದ್ದು 1981ರಲ್ಲಿ. ಬೆಟ್ಟದಿಂದ ಕೆಳಗಿಳಿದು ನೋಡಿದಾಗ ಬಯಲು ಹಳ್ಳಿಗಳಲ್ಲಿ ಕುಷ್ಠರೋಗ ವಿಪರೀತವಾಗಿತ್ತು. 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿದ್ದು ಇದೇ ಕಾರಣಕ್ಕೆ. ಟ್ರಸ್ಟಿನ ಲೆಕ್ಕದಂತೆ 1987ರಲ್ಲಿ ತಾಲ್ಲೂಕಿನಲ್ಲಿ ಸಾವಿರ ಜನಕ್ಕೆ 21ಕ್ಕೂ ಮೀರಿ ರೋಗಿಗಳಿದ್ದರು. 2005ರ ಹೊತ್ತಿಗೆ ಅದು ಸಾವಿರಕ್ಕೆ ಒಬ್ಬರಿಗಿಂತಲೂ ಬಹಳ ಕೆಳಗೆ ಇಳಿದಿತ್ತು.

ಇದು ಮಾತ್ರೆಯ ಮಹಿಮೆ ಎನ್ನಬಹುದು. ಡ್ಯಾಪ್ಸೋನ್ ಜೊತೆಗೆ ರಿಫಾಂಪಿಸಿನ್, ಕ್ಲೋಫಜಿಮಿನ್ ಸೇರಿಸಿ ಕೊಡುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1982ರ ಹೊತ್ತಿಗೆ ಸೂಚಿಸಿತ್ತು. ತಿಂಗಳುಗಟ್ಟಲೆ ತಪ್ಪದೆ ನುಂಗಿದರೆ ರೋಗ ಪೂರ್ತಿ ಗುಣವಾಗುತ್ತದೆ. ಆದರೆ ಮಾತ್ರೆ ತಾನಾಗಿ ನಡೆದು ಹೋಗುವುದಿಲ್ಲ. ಕುಷ್ಠರೋಗಿ ಆಸ್ಪತ್ರೆಗೆ ಬರುವವನಲ್ಲ, ಅಡಗಿಕೊಳ್ಳುವವನು. ಚರ್ಮದ ಮೇಲೆ ಸ್ಪರ್ಶವಿಲ್ಲದ ಒಂದು ಮಚ್ಚೆ ಕಂಡರೆ ಮೊದಲು ಹೆದರುವುದು ರೋಗಕ್ಕಲ್ಲ, ಮಗಳ ಮದುವೆ ನಿಂತೀತೆಂಬುದಕ್ಕೆ. ಆದ್ದರಿಂದ ಯಾರಾದರೂ ಮನೆಮನೆಗೆ ಹೋಗಬೇಕು. ಹೋಗಿ, ಜಗಲಿಯ ಮೇಲೆ ಕುಳಿತು, ಕೊಟ್ಟ ನೀರು ಕುಡಿದು, ಆಮೇಲೆ ಬೆನ್ನು ತೋರಿಸಿ ಎನ್ನಬೇಕು. ಆ ಮನೆಯ ನೀರು ಕುಡಿಯುವುದು ಮಾತ್ರೆಗಿಂತ ದೊಡ್ಡ ಔಷಧ.

ಕುಷ್ಠದ ಹಿಂದೆಯೇ ಕಂಡದ್ದು ಮೂರ್ಛೆರೋಗ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಅವರೂ ಸಂಗಡಿಗರೂ ಯಳಂದೂರಿನ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ ‘ಯಳಂದೂರು ಅಧ್ಯಯನ’ವೆಂದೇ ಹೆಸರಾಯಿತು. ಅದು ಪರೀಕ್ಷಿಸಿದ್ದು ಹೊಸ ಮದ್ದನ್ನಲ್ಲ. ಫಿನೊಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಗುಳಿಗೆಗಳನ್ನು. ಹಳ್ಳಿಯವರಿಗೆ ಅವನ್ನು ತಪ್ಪದೆ ಒದಗಿಸಿದರೆ ಬಹುಪಾಲು ರೋಗಿಗಳು ನೆಮ್ಮದಿಯಿಂದ ಬಾಳಬಹುದೆಂದು ತೋರಿತು. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಒಂದು ಬಗೆಯ ಮೂರ್ಛೆ ನಮ್ಮ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಉಂಟು. ಅದನ್ನು ದೆವ್ವದ ಚೇಷ್ಟೆಯೆಂದು ತಿಳಿದು ಚಾವಟಿ ತೆಗೆದುಕೊಂಡವರು ಎಷ್ಟು ಮಂದಿಯೋ!

ಇದರಲ್ಲಿ ಹಳ್ಳಿಯವರನ್ನಷ್ಟೇ ದೂಷಿಸಿ ಪ್ರಯೋಜನವಿಲ್ಲ. ನಮ್ಮ ಕಾನೂನೂ ಅದೇ ಭಾಷೆಯನ್ನು ಆಡುತ್ತಿತ್ತು. ಮೂರ್ಛೆರೋಗವುಳ್ಳವರ ಮದುವೆಗೆ ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಅಡ್ಡಿ ತೊಲಗಿದ್ದು 1999ರಲ್ಲಿ. 1898ರಷ್ಟು ಹಳೆಯದಾದ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ವಿಧಿಗಳನ್ನು ತೆಗೆದದ್ದು 2019ರಲ್ಲಿ. ಯಳಂದೂರಿನ ಹಳ್ಳಿಗಳಲ್ಲಿ ರೋಗ ಇಳಿದು ಹದಿನಾಲ್ಕು ವರ್ಷಗಳ ಮೇಲೆ ಕಾನೂನಿನ ಪುಸ್ತಕ ಅದನ್ನು ಅರಿತುಕೊಂಡಿತು.

ಯೆಹೂದ್ಯರ ಧರ್ಮಗ್ರಂಥವೂ ಈ ರೋಗದ ವಿಷಯದಲ್ಲಿ ಕಠಿಣವೇ. ಅಂಥ ಚರ್ಮರೋಗಿ ಪಾಳೆಯದ ಹೊರಗೆ ಒಬ್ಬನೇ ಇರಬೇಕೆಂದು ಅದು ವಿಧಿಸಿತು. ಆದರೆ ಅದೇ ಜನರ ತಾಲ್ಮುದಿನಲ್ಲಿ ಒಂದು ಕತೆ ಬರುತ್ತದೆ. ಲೋಕೋದ್ಧಾರಕ ಎಲ್ಲಿದ್ದಾನೆಂದು ಒಬ್ಬ ಪಂಡಿತ ಕೇಳುತ್ತಾನೆ. ರೋಮ್ ನಗರದ ಹೆಬ್ಬಾಗಿಲಲ್ಲಿ, ಹುಣ್ಣಿನ ರೋಗಿಗಳ ನಡುವೆ ಕುಳಿತಿದ್ದಾನೆಂದು ಉತ್ತರ ಬರುತ್ತದೆ. ಗುರುತು ಹಿಡಿಯುವುದು ಹೇಗೆ? ಉಳಿದವರು ತಮ್ಮ ಕಟ್ಟುಗಳನ್ನೆಲ್ಲ ಒಮ್ಮೆಲೇ ಬಿಚ್ಚಿ ಒಮ್ಮೆಲೇ ಕಟ್ಟುತ್ತಾರೆ. ಅವನು ಮಾತ್ರ ಒಂದೊಂದಾಗಿ ಬಿಚ್ಚಿ ಕಟ್ಟಿಕೊಳ್ಳುತ್ತಾನೆ, ಯಾರಾದರೂ ಕರೆದರೆ ತಡವಾಗಬಾರದೆಂದು.

ಈ ಕತೆಯನ್ನು ಮೊದಲು ಓದಿದಾಗ ನನಗೆ ಚಿಕ್ಕಲ್ಲೂರು ನೆನಪಾಯಿತು. ನಮ್ಮ ನೀಲಗಾರರು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸ್ವಾಮಿ ಕಲ್ಯಾಣಕ್ಕೆ ಬರುವುದು ಎಂಥ ರೂಪದಲ್ಲಿ? ಮೈತುಂಬ ಹುಣ್ಣು, ಮುತ್ತಿದ ನೊಣ, ಯಾರೂ ಹತ್ತಿರ ಸೇರಿಸದ ಹೇಸಿಕೆಯ ವೇಷ. ಶರಣರ ಪರೀಕ್ಷೆ ಬಾಗಿಲಲ್ಲಿಯೇ ನಡೆಯುತ್ತದೆ. ರೋಮಿನ ಹೆಬ್ಬಾಗಿಲಲ್ಲಿ ಒಬ್ಬ, ಕಲ್ಯಾಣದ ಬಾಗಿಲಲ್ಲಿ ಒಬ್ಬ. ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ದೇವರನ್ನು ಒಂದೇ ಜಾಗದಲ್ಲಿ ಹುಡುಕಿದುವು. ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಜಾತ್ರೆಯಲ್ಲಿ ಪಂಕ್ತಿಸೇವೆಯೆಂದು ಎಲ್ಲ ಜಾತಿಯವರೂ ಕುಳಿತು ಉಣ್ಣುತ್ತಾರೆ. ಆದರೆ ಜಾತ್ರೆ ವರ್ಷಕ್ಕೊಮ್ಮೆ. ಹಾಡನ್ನು ತಲೆಮಾರುಗಳಿಂದ ಕೇಳುತ್ತ ಬಂದ ಸೀಮೆಯಲ್ಲಿಯೇ ಕುಷ್ಠರೋಗಿ ಹಿತ್ತಿಲ ಕೋಣೆಯಲ್ಲಿ ಅಡಗಿದ್ದನೆಂಬುದನ್ನು ಮರೆಯುವಂತಿಲ್ಲ. ಕಾವ್ಯ ಬಾಗಿಲನ್ನು ತೋರಿಸುತ್ತದೆ. ತಟ್ಟಲು ಕೈ ಬೇಕು.

ಈ ಕೈಗಳು ಕಡಿಮೆಯಾಗುತ್ತಿವೆಯೆಂಬುದೇ ಇಂದಿನ ಚಿಂತೆ. ಒಡೆಯರಪಾಳ್ಯದ ಟಿಬೆಟನ್ ಯುವಕರು ಯೂರೋಪು, ಅಮೆರಿಕಗಳ ಕಡೆಗೆ ಹೋಗುತ್ತಿದ್ದಾರೆ. ದೇಶ ಬಿಟ್ಟು ಬಂದವರ ಮಕ್ಕಳು ಬಂದ ದೇಶವನ್ನೂ ಬಿಡುತ್ತಿದ್ದಾರೆ. ಮುದುಕರಿಗೆ ಅಲ್ಲಿಂದ ಹಣ ಬರುತ್ತದೆ, ಮಕ್ಕಳು ಬರುವುದಿಲ್ಲ. ಬೇಲಿಯ ಈಚೆ ನಮ್ಮ ಹಳ್ಳಿಗಳಲ್ಲಿಯೂ ಕತೆ ಬೇರೆಯಲ್ಲ. ಮಗ ಬೆಂಗಳೂರಿನಲ್ಲಿ ಕಾವಲುಗಾರ, ಸೊಸೆ ಗಾರ್ಮೆಂಟ್ಸಿನಲ್ಲಿ, ಊರಲ್ಲಿ ಅವ್ವ ಒಬ್ಬಳೇ. ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂತು. ವೃದ್ಧಾಪ್ಯ ವೇತನ ಮೊದಲೇ ಇತ್ತು. ಒಂದು ಕಾಲಕ್ಕೆ ಆ ಹಣವನ್ನು ಅಂಚೆಯವನು ಮನಿಯಾರ್ಡರಿನಲ್ಲಿ ತರುತ್ತಿದ್ದ. ಹೆಬ್ಬೆಟ್ಟು ಒತ್ತಿಸಿಕೊಂಡು, ಒಂದು ಗಳಿಗೆ ಕುಳಿತು, ‘ಏನವ್ವಾ, ಕಾಲು ಊದಿದೆಯಲ್ಲ’ ಎನ್ನುತ್ತಿದ್ದ. ಈಗ ಹಣ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಸೋರಿಕೆ ತಪ್ಪಿತು, ಒಳ್ಳೆಯದು. ಆದರೆ ಊದಿದ ಕಾಲನ್ನು ಖಾತೆ ನೋಡಲಾರದು.

ಸರ್ಕಾರ ಮಾಡಬೇಕಾದುದನ್ನು ಸಮುದಾಯದ ಮೇಲೆ ಹೊರಿಸಬೇಕೆಂದು ನಾನು ಹೇಳುತ್ತಿಲ್ಲ. ವೇತನ, ಆಸ್ಪತ್ರೆ, ಕಾನೂನು, ಇವು ಸರ್ಕಾರದ ಋಣ; ಅದನ್ನು ಅದು ತೀರಿಸಲೇಬೇಕು. ಸಮುದಾಯ ತನ್ನವರನ್ನಷ್ಟೇ ನೋಡಿಕೊಂಡರೆ ಅದೂ ಒಂದು ಗೋಡೆಯಾದೀತು ಎಂಬ ಭಯ ನನಗಿದೆ. ಯಳಂದೂರಿನಲ್ಲಿ ರೋಗಿಯನ್ನು ಹೊರಗಿಟ್ಟದ್ದು ಸಮುದಾಯವೇ. ಹಣ ಎತ್ತಲು ಇಬ್ಬರು, ಹಂಚಲು ಮೂವರು ಎಂದ ಹಿರಿಯರು ಅನ್ನದ ತಟ್ಟೆಯನ್ನು ಮಾತ್ರ ದಾರಿಹೋಕನಿಗೂ ತೆರೆದಿಟ್ಟದ್ದು ಈ ಭಯವನ್ನು ಅರಿತೇ ಇರಬೇಕು. ಒಡೆಯರಪಾಳ್ಯಕ್ಕೆ ಬಂದ ನೆರವು ಹುತ್ತೂರಿಗೆ ಹರಿದಾಗ, ಬೆಟ್ಟಕ್ಕೆ ಬಂದ ವೈದ್ಯ ಬಯಲಿಗೆ ಇಳಿದಾಗ, ಆ ತಟ್ಟೆ ನಮ್ಮ ಸೀಮೆಯಲ್ಲಿಯೂ ತೆರೆದುಕೊಂಡಿತು.

ಇಷ್ಟು ಕೇಳಿದ ನಿಮ್ಮಲ್ಲಿ ನನ್ನದೊಂದು ಸಣ್ಣ ಕೋರಿಕೆ. ನಿಮ್ಮ ಬೀದಿಯಲ್ಲಿ ಎಷ್ಟು ಮನೆಗಳ ಬಾಗಿಲನ್ನು ವಾರದಿಂದ ಯಾರೂ ತಟ್ಟಿಲ್ಲವೆಂದು ಎಣಿಸಿ ನೋಡಿ. ಎಣಿಕೆ ಮುಗಿದ ಮೇಲೆ ಒಂದು ಮನೆಗಾದರೂ ಹೋಗಿ, ಕೆಲಸವಿಲ್ಲದೆ ಕುಳಿತು, ಕೊಟ್ಟ ನೀರು ಕುಡಿದು ಬನ್ನಿ. ಅರವತ್ತರಲ್ಲಿ ಒಂದು ಪಾಲು ಅಲ್ಪವೆಂದು ಹಿಂಜರಿಯಬೇಡಿ.